ಕಲೋನಿನ ಅಳಿಯ

ನನ್ನ ಭಾವನಿಗೆ ಇಬ್ಬರು ಹೆಂಡತಿಯರು! ಇದನ್ನು ನಾನು ಚಾಡಿಯಾಗಿ ಹೇಳುತ್ತಿಲ್ಲ. ಮೊದಲನೆಯ ಹೆಂಡತಿ, ಅಂದರೆ ನನ್ನ ಸ್ವಂತ ಅಕ್ಕ, ಮನೆಗೆ ಬಂದವರಿಗೆಲ್ಲ ಚಹಾ ಕೊಡುತ್ತಾ ತಾನಾಗಿಯೇ ಹೇಳುವ ಮಾತಿದು. "ಒಬ್ಬಳು ನಾನು, ಬ್ರಹ್ಮಾವರದ ಕಡೆಯವಳು. ಇನ್ನೊಬ್ಬಳು ಜರ್ಮನಿಯವಳು. ಅವಳಿಗೆ ದಿನಾ ಎಣ್ಣೆಸ್ನಾನ, ನನಗೆ ವರ್ಷಕ್ಕೊಮ್ಮೆ ದೀಪಾವಳಿಗೆ!" ಹೊಸಬರಾದರೆ ಚಹಾ ಕುಡಿಯುವುದೋ ಲೋಟ ಕೆಳಗಿಡುವುದೋ ತಿಳಿಯದೆ ಭಾವನ ಮುಖ ನೋಡುತ್ತಾರೆ. ಭಾವ ಅಲ್ಲಗಳೆಯುವುದಿಲ್ಲ. ನಾಚಿಕೊಳ್ಳುತ್ತಾರೆ!

ಗಾಬರಿ ಬೇಡ. ಎರಡನೆಯವಳು ವಾಸವಾಗಿರುವುದು ಸೌದಿಯ ಅಲ್ ಅಹ್ಸಾದ ಒಂದು ಖರ್ಜೂರದ ಕಾರ್ಖಾನೆಯಲ್ಲಿ. ಹನ್ನೆರಡು ಅಡಿ ಉದ್ದ, ಎಮ್ಮೆಯ ಬಣ್ಣ, ನೆಲಕ್ಕೆ ಎಂಟು ಬೋಲ್ಟು. ಒಂದು ಕಡೆಯಿಂದ ಖರ್ಜೂರ ಸುರಿದರೆ ಇನ್ನೊಂದು ಕಡೆಯಿಂದ ಪೊಟ್ಟಣ ಕಟ್ಟಿ ಕೊಡುವುದು ಅವಳ ಉದ್ಯೋಗ. ಎದೆಯ ಮೇಲೆ ಹಿತ್ತಾಳೆಯ ಫಲಕ, ಅದರಲ್ಲಿ ಹುಟ್ಟಿದ ಊರಿನ ಹೆಸರು: ಕಲೋನ್. ಹದಿನೆಂಟು ವರ್ಷಗಳಿಂದ ಭಾವ ಆ ಫಲಕವನ್ನು ಉಜ್ಜಿ ಉಜ್ಜಿ, ಈಗ ಊರಿನ ಹೆಸರು ಓದಬೇಕಾದರೆ ಬೆರಳಾಡಿಸಿ ತಿಳಿಯಬೇಕು. ಕಾರ್ಖಾನೆಯ ಉಳಿದ ಯಂತ್ರಗಳೆಲ್ಲ 'ಅದು'. ಇದೊಂದು ಮಾತ್ರ 'ಅವಳು'.

ಭಾವ ರಜೆಯಲ್ಲಿ ಊರಿಗೆ ಬಂದರೂ ಅವಳ ಯೋಗಕ್ಷೇಮ ವಿಚಾರಿಸದೆ ಇರುವವರಲ್ಲ. ಒಮ್ಮೆ ನಮ್ಮ ನೆಂಟರ ಮದುವೆಯಲ್ಲಿ ಊಟದ ಪಂಕ್ತಿಯಿಂದ ಎದ್ದು ಹೋಗಿ ಕೈತೊಳೆಯುವ ಜಾಗದಲ್ಲಿ ಫೋನು ಕಿವಿಗಿಟ್ಟುಕೊಂಡು ಕಣ್ಣು ಮುಚ್ಚಿ ನಿಂತಿದ್ದರು. ಏನಾಯಿತೋ ಎಂದು ನಾನು ಓಡಿದೆ. ಆಚೆ ಕಡೆಯಿಂದ ಯಾರೋ ಕೆಲಸಗಾರ ಫೋನನ್ನು ಯಂತ್ರದ ಹತ್ತಿರ ಹಿಡಿದಿದ್ದಾನೆ. ಈಚೆ ಇವರು ಕೇಳುತ್ತಿದ್ದಾರೆ! "ಉಸಿರು ಸ್ವಲ್ಪ ಎಳಿತಾ ಉಂಟು ಮಾರಾಯ. ಎಡಗಡೆ ಬೇರಿಂಗ್" ಎಂದರು. ಅಕ್ಕ ಪಂಕ್ತಿಯಲ್ಲಿ ಕೂತಲ್ಲಿಂದಲೇ ಎಲ್ಲರಿಗೂ ಕೇಳುವಂತೆ ಹೇಳಿದಳು: "ನನಗೆ ಜ್ವರ ಬಂದು ಮೂರು ದಿನ ಮಲಗಿದ್ದು ಇವರಿಗೆ ಗೊತ್ತಾದದ್ದು ಅಡುಗೆ ಮನೆಯಲ್ಲಿ ಗಂಜಿ ಇಲ್ಲದ ಮೇಲೆ!"

ಇಂಥ ಸಂಸಾರ ಸುಖವಾಗಿ ಸಾಗುತ್ತಿರುವಾಗ, ಹೋದ ವರ್ಷ ಜರ್ಮನಿಯವಳು ಕಾಯಿಲೆ ಬಿದ್ದಳು. ಅವಳ ಹೊಟ್ಟೆಯೊಳಗೆ ಅಂಗೈ ಅಗಲದ, ಮೊಟ್ಟೆಯಾಕಾರದ ಒಂದು ಉಕ್ಕಿನ ತುಂಡು ಇದೆ. ಕ್ಯಾಮ್ ಅನ್ನುತ್ತಾರೆ. ಅದು ತಿರುಗುತ್ತಾ ತಿರುಗುತ್ತಾ ಕಾಗದ ಮಡಚುವ ಕೈಯನ್ನು ಎತ್ತುತ್ತದೆ, ಇಳಿಸುತ್ತದೆ. ಅದು ಸವೆದು ಅಂಚು ಒಡೆಯಿತು. ಹೊಸದಾಗಿ ಬಂದಿದ್ದ ಮ್ಯಾನೇಜರು ಒಂದೇ ಮಾತಿನಲ್ಲಿ ಮುಗಿಸಿಬಿಟ್ಟ: "ಮುಂದಿನ ತಿಂಗಳ ಕೊನೆಯ ಒಳಗೆ ಓಡಿದರೆ ಸರಿ. ಇಲ್ಲದಿದ್ದರೆ ಗುಜರಿಗೆ, ಹೊಸದು ತರಿಸುತ್ತೇನೆ."

ಭಾವ ಹುಫೂಫಿನ, ದಮ್ಮಾಮಿನ ವರ್ಕ್‌ಶಾಪುಗಳನ್ನೆಲ್ಲ ಸುತ್ತಿದರು. ಒಬ್ಬ ಮಾಡಿ ಕೊಟ್ಟದ್ದು ಎರಡು ಗಂಟೆ ಬಾಳಿತು, ಇನ್ನೊಬ್ಬನದು ಹನ್ನೊಂದು ನಿಮಿಷ. ಕೊನೆಗೆ ದಮ್ಮಾಮಿನಲ್ಲಿ ಸರಕು ಸಾಗಣೆಯ ಆಫೀಸಿನಲ್ಲಿ ಇಂಗ್ಲಿಷ್ ಟೈಪು ಮಾಡಿಕೊಂಡಿರುವ ನನ್ನ ತಲೆಗೆ ಬಂತು. ನಾನು ಕಲೋನಿನ ಕಂಪನಿಗೆ ಪತ್ರ ಬರೆದೆ. ಅವರು ಬಹಳ ಸಭ್ಯವಾಗಿ ಉತ್ತರಿಸಿದರು: ಈ ಯಂತ್ರ ಮಾಡುವುದನ್ನು ನಿಲ್ಲಿಸಿ ಬಹಳ ಕಾಲವಾಯಿತು, ನಕ್ಷೆ ಕಂಪ್ಯೂಟರಿನಲ್ಲಿಲ್ಲ, ತುಂಡನ್ನು ಕಣ್ಣಾರೆ ನೋಡದೆ ಏನೂ ಹೇಳಲಾಗದು, ಯಾವುದಾದರೂ ಕೆಲಸದ ದಿನ ತಂದರೆ ಪ್ರಯತ್ನಿಸಬಹುದು.

"ಪಾರ್ಸೆಲ್ ಮಾಡಿದರಾಯ್ತಲ್ಲ ಭಾವ" ಎಂದೆ.

ಭಾವ ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ. "ನಿನ್ನ ಅಕ್ಕನಿಗೆ ಹಲ್ಲುನೋವು ಬಂದ್ರೆ ಪಾರ್ಸೆಲ್ ಮಾಡಿ ಡಾಕ್ಟರಿಗೆ ಕಳಿಸ್ತಿಯಾ? ಕರ್ಕೊಂಡು ಹೋಗ್ಬೇಕು ಮಾರಾಯ. ಅವಳ ತವರು ಮನೆ ಅದು. ನಾನು ಅಳಿಯ. ಒಂದು ಸಲವಾದರೂ ಹೋಗ್ಬೇಡ್ವಾ?"

ಹೀಗೆ ನಮ್ಮ ಯುರೋಪ್ ಪ್ರವಾಸ ನಿಶ್ಚಯವಾಯಿತು. ಅಕ್ಕನಿಗೆ ಪರದೇಶ ತೋರಿಸುತ್ತೇನೆಂದು ಭಾವ ಕೊಟ್ಟಿದ್ದ ಮಾತಿಗೆ ಹಲ್ಲು ಉದುರುವ ವಯಸ್ಸಾಗಿತ್ತು. ಈಗ ಅದೂ ಇದೂ ಒಟ್ಟಿಗೆ ಆಗಿಹೋಗಲಿ ಎಂದರು. ಅಕ್ಕ ಮೂರ್ಖಳಲ್ಲ. ಸವತಿಯ ತವರಿಗೆ ತನ್ನನ್ನು ಮೆರವಣಿಗೆಯಲ್ಲಿ ಒಯ್ಯುತ್ತಿದ್ದಾರೆಂದು ಅವಳಿಗೆ ಮೊದಲ ನಿಮಿಷಕ್ಕೇ ತಿಳಿಯಿತು. ಆದರೂ ಒಂದೇ ಒಂದು ಷರತ್ತು ಹಾಕಿದಳು.

"ಅಲ್ಲಿ ದೊಡ್ಡ ಹೊಳೆ ಉಂಟಂತೆ. ಒಂದು ದಿನ ನನ್ನ ಜೊತೆ ದೋಣಿಯಲ್ಲಿ ಕೂತ್ಕೊಳ್ಬೇಕು. ಅವಳ ಸುದ್ದಿ ಎತ್ತಬಾರದು. ಬೇರಿಂಗ್ ಇಲ್ಲ, ಬೋಲ್ಟ್ ಇಲ್ಲ. ಸುಮ್ನೆ ಕೂತ್ಕೊಳ್ಬೇಕು, ಅಷ್ಟೇ."

ಅಕ್ಕ ಹುಡುಗಿಯಾಗಿದ್ದಾಗ ಸೀತಾ ನದಿಯ ಕಡವು ದಾಟಿ ದೋಣಿಯಲ್ಲೇ ಶಾಲೆಗೆ ಹೋದವಳು. ಹದಿನೆಂಟು ವರ್ಷಗಳಿಂದ ಹುಫೂಫಿನ ಮೂರನೇ ಮಹಡಿಯಲ್ಲಿದ್ದಾಳೆ. ಅಲ್ಲಿ ಹರಿಯುವ ನೀರು ನೋಡಬೇಕಾದರೆ ನಲ್ಲಿ ತಿರುಗಿಸಬೇಕು. ನಾನು ಅಂದೇ ಕುಳಿತು ಸೋಮವಾರ ಬೆಳಗ್ಗೆ ಹತ್ತರ ದೋಣಿಗೆ ಮೂರು ಟಿಕೆಟ್ ತೆಗೆದೆ. ಮಧ್ಯಾಹ್ನ ಎರಡಕ್ಕೆ ವಾಪಸು, ಸಂಜೆ ಏಳಕ್ಕೆ ವಿಮಾನ.

ಉಳಿದ ವೇಳಾಪಟ್ಟಿಯನ್ನು ಭಾವನೇ ಮಾಡಿದರು. ಯಂತ್ರಕ್ಕೆ ಎಣ್ಣೆ ಹಾಕುವ ಪಟ್ಟಿಯಂತೆಯೇ ಅದಕ್ಕೂ ಚೌಕಗಳು. "ಗುರುವಾರ ಕೆಲಸ ಮುಗಿಸಿ ಹೊರಡುವ. ಶುಕ್ರವಾರ, ಶನಿವಾರ ರಜೆ, ಫ್ಯಾಕ್ಟರಿ ಇರುವುದಿಲ್ಲ. ಆ ಎರಡು ದಿನ ಊರು ನೋಡುವ, ತಿನ್ನುವ. ಭಾನುವಾರ ಬೆಳಿಗ್ಗೆ ಫ್ಯಾಕ್ಟರಿ. ಸೋಮವಾರ ನಿನ್ನ ಅಕ್ಕನ ದೋಣಿ." ಎಷ್ಟು ಅಚ್ಚುಕಟ್ಟು! ನಾನೂ ನೋಡಿದೆ, ಅಕ್ಕನೂ ನೋಡಿದಳು. ಮೂವರೂ ತಲೆದೂಗಿದೆವು.

ತವರಿಗೆ ಬರಿಗೈಯಲ್ಲಿ ಹೋಗುವುದುಂಟೇ? ಭಾವ ಎಂಟು ಕಿಲೋ ಖರ್ಜೂರ ಕಟ್ಟಿಸಿಕೊಂಡರು. ಎಲ್ಲವೂ ಅವಳು ಕಾಯಿಲೆ ಬೀಳುವ ಮೊದಲು ಕಟ್ಟಿದ ಪೊಟ್ಟಣಗಳು. "ಮಗಳು ಎಷ್ಟು ಚಂದ ಕೆಲಸ ಮಾಡ್ತಾಳೆ ಅಂತ ಅವರೂ ನೋಡ್ಲಿ." ಒಡೆದ ಕ್ಯಾಮನ್ನು ಅಕ್ಕನ ಹಳೆಯ ಕಾಟನ್ ಸೀರೆಯ ತುಂಡಿನಲ್ಲಿ ಸುತ್ತಿ ಕೈಚೀಲದಲ್ಲಿಟ್ಟರು. ದಮ್ಮಾಮಿನ ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಅದು ಸಿಕ್ಕಿಬೀಳದೆ ಇರುತ್ತದೆಯೇ? "ಎಶ್ ಹಾದಾ?" ಇದೇನು ಎಂದು ಕೇಳಿದ ಸಮವಸ್ತ್ರದ ಹುಡುಗ. ಭಾವ ತಮ್ಮ ಇಪ್ಪತ್ತಾರು ವರ್ಷದ ಅರಬ್ಬಿಯನ್ನೆಲ್ಲ ಬಿಚ್ಚಿದರು: ಅವಳ ಹುಟ್ಟು, ಬೆಳವಣಿಗೆ, ಕಾಯಿಲೆ, ಚಿಕಿತ್ಸೆ. ಹಿಂದೆ ಸಾಲು ಬೆಳೆಯುತ್ತಲೇ ಇತ್ತು. ಆ ಹುಡುಗ ಕೊನೆಗೆ ತುಂಡನ್ನು ಎರಡೂ ಕೈಯಿಂದ ಭಾವನಿಗೆ ಒಪ್ಪಿಸಿ, ಅಲ್ಲಾಹು ಅವಳಿಗೆ ಶಿಫಾ ಕೊಡಲಿ, ಗುಣವಾಗಲಿ ಎಂದು ಹರಸಿ ಬಿಟ್ಟುಕೊಟ್ಟ.

ಶುಕ್ರವಾರ ಕಲೋನಿನಲ್ಲಿ ಇಳಿದೆವು. ರೈಲು ನಿಲ್ದಾಣದಿಂದ ಹೊರಗೆ ಬಂದರೆ ಎದುರಿಗೇ ಆ ಪ್ರಸಿದ್ಧ ಚರ್ಚು, ಕತ್ತು ಹಿಂದಕ್ಕೆ ಬಾಗಿಸಿದರೂ ತುದಿ ಕಾಣದಷ್ಟು ಎತ್ತರ. ಜನ ಬೆರಗಾಗಿ ಶಿಲ್ಪ ನೋಡುತ್ತಿದ್ದರು, ಫೋಟೊ ತೆಗೆಯುತ್ತಿದ್ದರು. ಭಾವ ನೋಡಿದ್ದು ಗೋಪುರದ ಪಕ್ಕಕ್ಕೆ ಕಟ್ಟಿದ್ದ ಸಾರ್ವೆಯನ್ನು. ಯಾವಾಗಲೂ ಒಂದಲ್ಲ ಒಂದು ಕಡೆ ದುರಸ್ತಿ ನಡೆಯುತ್ತಲೇ ಇರುತ್ತದೆ ಎಂದು ಫಲಕದಲ್ಲಿ ಬರೆದಿದ್ದನ್ನು ನಾನು ಓದಿ ಹೇಳಿದ್ದೇ ತಪ್ಪಾಯಿತು. "ಕೇಳಿದ್ಯಾ! ನೂರಾರು ವರ್ಷ ಆಯ್ತು, ಇನ್ನೂ ರಿಪೇರಿ ಮಾಡ್ತಾ ಇದ್ದಾರೆ! ಯಾರಾದರೂ ಗುಜರಿಗೆ ಹಾಕಿದ್ರಾ? ಅವನನ್ನು ಇಲ್ಲಿಗೆ ಕರ್ಕೊಂಡು ಬಂದು ತೋರಿಸ್ಬೇಕು, ಆ ಮ್ಯಾನೇಜರನ್ನು!" ಒಳಗೆ ಹೋಗಿ ಅಕ್ಕ ಒಂದು ಮೇಣದಬತ್ತಿ ಹಚ್ಚಿ ಕೈಮುಗಿದಳು.

ಊರೆಲ್ಲ ಗಿಜಿಗುಡುತ್ತಿತ್ತು. ಕೋಟು ಹಾಕಿದವರು ಚೀಲ ಹಿಡಿದು ಓಡುತ್ತಿದ್ದರು, ಬ್ಯಾಂಕು ತೆರೆದಿತ್ತು, ಅಂಚೆ ಕಚೇರಿ ತೆರೆದಿತ್ತು. "ಶುಕ್ರವಾರವೂ ಎಂತ ಗಡಿಬಿಡಿ ಇವರಿಗೆ!" ಎಂದು ಅಕ್ಕ ಅಚ್ಚರಿಪಟ್ಟಳು. "ರಜೆ ಅಲ್ವಾ, ಪೇಟೆಗೆ ಬಂದಿದ್ದಾರೆ" ಎಂದು ಭಾವ ಸಮಾಧಾನ ಹೇಳಿದರು. ನನಗೂ ಸರಿಯೆನಿಸಿತು. ನೆನಪಿಡಿ, ಈ ಮೂವರಲ್ಲಿ ಒಬ್ಬ ಪದವೀಧರನೂ ಇದ್ದ.

ಭಾವನ ಜೊತೆ ಟ್ರಾಮಿನಲ್ಲಿ ಹೋಗುವುದು ಒಂದು ಸಾಹಸ. ಸೌದಿಯಲ್ಲಿ ಬದುಕಿದವರ ಕೈ ಸಮವಸ್ತ್ರ ಕಂಡರೆ ತಾನಾಗಿಯೇ ಜೇಬಿಗೆ ಹೋಗುತ್ತದೆ, ಇಕಾಮಾ ಎಂಬ ವಾಸದ ಗುರುತುಚೀಟಿಗೆ. ಭಾವನ ಕೈ ಇನ್ನೂ ಚುರುಕು. ಮೊದಲ ದಿನವೇ ಟ್ರಾಮಿನ ಟಿಕೆಟ್ ತಪಾಸಣೆಯವನಿಗೆ, ಹೋಟೆಲಿನ ಬಾಗಿಲಲ್ಲಿ ನಿಂತವನಿಗೆ, ಕೊನೆಗೆ ಚೌಕದಲ್ಲಿ ತುತ್ತೂರಿ ಊದುತ್ತಿದ್ದ ಬ್ಯಾಂಡಿನವನಿಗೂ ಇಕಾಮಾ ತೋರಿಸಿದರು. ಬ್ಯಾಂಡಿನವನು ಊದುವುದನ್ನು ನಿಲ್ಲಿಸಿ ಅದನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿ, ಚೆನ್ನಾಗಿದೆ ಎಂಬಂತೆ ತಲೆಯಾಡಿಸಿ ಹಿಂದಿರುಗಿಸಿದ.

ಶನಿವಾರ ರೈಲು ಸೇತುವೆಗೆ ಹೋದೆವು. ಪ್ರೇಮಿಗಳು ತಮ್ಮ ಹೆಸರು ಕೆತ್ತಿದ ಬೀಗಗಳನ್ನು ಅದರ ಕಂಬಿಗಳಿಗೆ ಹಾಕಿ ಕೀಲಿಕೈಯನ್ನು ಹೊಳೆಗೆಸೆಯುತ್ತಾರಂತೆ. ಸಾವಿರಾರು ಬೀಗಗಳು, ಕೆಂಪು, ಹಳದಿ, ಹೃದಯದಾಕಾರ! ಅಕ್ಕ ಒಂದೊಂದನ್ನೇ ಮುಟ್ಟಿ ನೋಡುತ್ತಾ ನಿಧಾನವಾಗಿ ನಡೆಯುತ್ತಿದ್ದಳು, ನಡುನಡುವೆ ಭಾವನ ಮುಖವನ್ನೂ ನೋಡುತ್ತಿದ್ದಳು. ಯಾವ ಹೆಂಡತಿಯಾದರೂ ಅಲ್ಲಿ ಏನನ್ನು ನಿರೀಕ್ಷಿಸುತ್ತಾಳೆಂದು ಕಲ್ಲಿಗೂ ಅರ್ಥವಾಗುತ್ತದೆ. ಭಾವ ಒಂದು ಬೀಗವನ್ನು ಎಳೆದು ನೋಡಿ ಹೇಳಿದರು: "ತುಕ್ಕು ಹಿಡಿದಿದೆ. ಕೀಲಿಕೈ ಬಿಸಾಡಿದ ಮೇಲೆ ಎಣ್ಣೆ ಹಾಕುವವರು ಯಾರು?" ಆಮೇಲೆ ಸೇತುವೆಯ ನಟ್ಟುಗಳನ್ನು ಎಣಿಸತೊಡಗಿದರು. ಅಕ್ಕ ಕಂಬಿಗೆ ಒರಗಿ ಕೆಳಗೆ ಹರಿಯುವ ಹೊಳೆಯನ್ನೂ ಅದರ ಮೇಲೆ ಸಾಗುತ್ತಿದ್ದ ಬಿಳಿಯ ದೋಣಿಗಳನ್ನೂ ನೋಡುತ್ತಾ ನಿಂತಳು. "ನಾಡಿದ್ದು ಅಲ್ವಾ ನಮ್ಮದು?" ಎಂದು ನನ್ನನ್ನು ಎರಡು ಸಲ ಕೇಳಿದಳು.

ಇನ್ನು ತಿನ್ನುವ ವಿಚಾರ. ಕಬ್ಸಾದ ನಾಡಿನಲ್ಲಿ ಬದುಕಿದವರಿಗೆ ಒಂದು ಅಭ್ಯಾಸವಾಗಿಬಿಡುತ್ತದೆ. ಗಾಡಿಯ ಚಕ್ರದಂಥ ಒಂದು ತಟ್ಟೆ ಅನ್ನ, ಮೇಲೆ ಕೋಳಿ, ಸುತ್ತ ನಾಲ್ಕು ಜನ. ಭಾವ ಕಲೋನಿನ ಹೋಟೆಲಿನಲ್ಲೂ ಮೂವರಿಗೆ ಒಂದೇ ಪ್ಲೇಟ್ ಮೀನು ಹೇಳಿದರು. ಬಂದದ್ದು ಅಂಗೈ ಉದ್ದದ ಒಂದು ತುಂಡು, ಪಕ್ಕದಲ್ಲಿ ಬೇಯಿಸಿದ ಎರಡು ಬಟಾಟೆ. ಮೂವರೂ ಆ ತಟ್ಟೆಯ ಸುತ್ತ ಬಗ್ಗಿ ನೋಡಿದೆವು. ಖಾರ ಇಲ್ಲ, ಹುಳಿ ಇಲ್ಲ, ಅರಸಿನ ಕೂಡ ಇಲ್ಲ. "ಪಾಪ, ಈ ಮೀನಿಗೆ ಹುಷಾರಿರ್ಲಿಲ್ಲ ಅಂತ ಕಾಣ್ತದೆ" ಎಂದಳು ಅಕ್ಕ. ಚೀಲದಿಂದ ಮಿಡಿ ಉಪ್ಪಿನಕಾಯಿಯ ಬಾಟಲಿ ಹೊರಬಂತು. ಇನ್ನೂ ಎರಡು ಮೀನು ಹೇಳಿದೆವು.

ನೀರು ಕೇಳಿದರೆ ಬಾಟಲಿ ಬಂತು. ಮುಚ್ಚಳ ತಿರುಗಿಸಿದ ಕೂಡಲೇ 'ಸ್ಸ್' ಎಂಬ ಶಬ್ದ. ಭಾವ ಥಟ್ಟನೆ ಮುಚ್ಚಳ ಬಿಗಿದು ಹಿಡಿದರು. "ಲೀಕ್!" ಅದು ಇಲ್ಲಿನ ಗುಳ್ಳೆ ನೀರೆಂದೂ ಹಾಗೆಯೇ ಇರುತ್ತದೆಂದೂ ಎಷ್ಟು ಹೇಳಿದರೂ ಕೇಳದೆ, ಗಾಳಿ ಪೂರ್ತಿ ಹೋಗುವ ತನಕ ಬಾಟಲಿಯನ್ನು ಕುಲುಕಿ ಕುಲುಕಿ ಬಿಟ್ಟು, ಆಮೇಲೆ ಕುಡಿದರು. ಅಲ್ಲಿಯ ಕಪ್ಪು ರೊಟ್ಟಿಯನ್ನು ಮೇಜಿಗೆ ಕುಟ್ಟಿ ನೋಡಿ, ಹಲ್ಲಿಗಿಂತ ಪಂಪಿನ ವಾಷರಿಗೆ ಚೆನ್ನಾಗಿ ಆದೀತೆಂದು ತೀರ್ಪು ಕೊಟ್ಟರು. ಅಳಿಯನಿಗೆ ಇಂಥ ಊಟವೇ ಎಂದು ಅಕ್ಕ ಕೆಣಕಿದರೆ, "ಇನ್ನೂ ಮನೆಗೆ ಹೋಗಿಲ್ಲ ಅಲ್ವಾ, ಇದು ಪೇಟೆ" ಎಂದು ಸೋಲೊಪ್ಪಲಿಲ್ಲ.

ಭಾನುವಾರ ಬಂತು. ಭಾವ ಬೆಳಗ್ಗೆ ಐದಕ್ಕೇ ಎದ್ದು ಸ್ನಾನ ಮಾಡಿ, ಮದುವೆಗೆ ಹಾಕುವ ಬಿಳಿ ಅಂಗಿ ತೊಟ್ಟು, ಖರ್ಜೂರದ ಪೆಟ್ಟಿಗೆ ಹೆಗಲಿಗೇರಿಸಿ ತಯಾರು. ಬೀದಿಗಿಳಿದರೆ ನರಪಿಳ್ಳೆ ಇಲ್ಲ! ಅಂಗಡಿಗಳ ಬಾಗಿಲು ಹಾಕಿದೆ, ಟ್ರಾಮು ಖಾಲಿ.

"ನೋಡಿದ್ಯಾ ಶಿಸ್ತು!" ಎಂದರು ಭಾವ ಹೆಮ್ಮೆಯಿಂದ. "ಗಂಟೆ ಎಂಟು ಆಗ್ಲಿಲ್ಲ, ಎಲ್ಲರೂ ಕೆಲಸಕ್ಕೆ ಹೋಗಿಯಾಯ್ತು!"

ಅಷ್ಟರಲ್ಲಿ ಊರಿನ ಚರ್ಚುಗಳಿಂದೆಲ್ಲ ಗಂಟೆ ಬಾರಿಸತೊಡಗಿತು. "ಶಿಫ್ಟಿನ ಗಂಟೆ" ಎಂದು ವಿವರಿಸಿದರು. ನಾನು ಹೌದೆಂದೆ! ಹದಿನಾಲ್ಕು ವರ್ಷ ಶುಕ್ರವಾರ ಮಧ್ಯಾಹ್ನ ಬಿರಿಯಾನಿ ತಿಂದು ಮಲಗಿ, ಭಾನುವಾರ ಬೆಳಗ್ಗೆ ಬೈದುಕೊಂಡು ಆಫೀಸಿಗೆ ಓಡುವವನು ನಾನು. ಚಿಕ್ಕಂದಿನಲ್ಲಿ ಭಾನುವಾರದ ರಜೆಗಾಗಿ ವಾರವಿಡೀ ಕಾಯುತ್ತಿದ್ದೆ ಎಂಬುದು ಹಿಂದಿನ ಜನ್ಮದ ಸಂಗತಿಯಾಗಿತ್ತು.

ಹೊಳೆಯ ಆಚೆ ದಡದಲ್ಲಿ, ಎರಡು ಟ್ರಾಮು ಬದಲಿಸಿ, ಕಾರ್ಖಾನೆಯ ಗೇಟಿಗೆ ಬಂದೆವು. ದೊಡ್ಡ ಗೇಟು, ದೊಡ್ಡ ಬೀಗ. ಪಕ್ಕದ ಗಾಜಿನ ಕೋಣೆಯಲ್ಲಿ ಕಾವಲುಗಾರನೊಬ್ಬ ಕುಳಿತಿದ್ದ. ನಾನು ನನ್ನ ಒಳ್ಳೆಯ ಇಂಗ್ಲಿಷಿನಲ್ಲಿ ಶುರು ಮಾಡಿದೆ. ಅವನು ಜರ್ಮನಿನಲ್ಲಿ ಉತ್ತರ ಕೊಟ್ಟ. ನಾನು ಗಟ್ಟಿಯಾಗಿ ಹೇಳಿದೆ, ಅವನೂ ಗಟ್ಟಿಯಾಗಿ ಹೇಳಿದ. ಆಗ ಅವನ ಫೋನು ರಿಂಗಾಯಿತು, ಎತ್ತಿ ಅರಬ್ಬಿಯಲ್ಲಿ ಹೆಂಡತಿಯ ಹತ್ತಿರ ಮಾತಾಡತೊಡಗಿದ! ಸಿರಿಯಾದವನು. ಭಾವ ನನ್ನನ್ನು ಮೆಲ್ಲನೆ ಬದಿಗೆ ಸರಿಸಿ ಸಲಾಂ ಹೇಳಿದರು. ಆಮೇಲಿನ ಹತ್ತು ನಿಮಿಷ ನಾನು ಖರ್ಜೂರದ ಪೆಟ್ಟಿಗೆ ಕಾಯುವವನಾದೆ.

ಕಾವಲುಗಾರ ಕ್ಯಾಮನ್ನು ನೋಡಿದ, ಖರ್ಜೂರವನ್ನು ನೋಡಿದ, ಮರುಕದಿಂದ ಭಾವನನ್ನು ನೋಡಿದ. "ಇವತ್ತು ಭಾನುವಾರ" ಎಂದ.

"ಹೌದು. ವಾರದ ಮೊದಲ ದಿನ. ಅದಕ್ಕೇ ಬಂದದ್ದು" ಎಂದರು ಭಾವ.

"ಸಾಹೇಬರೇ, ಇಲ್ಲಿ ಭಾನುವಾರವೆಂದರೆ ನಿಮ್ಮಲ್ಲಿಯ ಶುಕ್ರವಾರ."

ಭಾವ ಅದನ್ನು ನಮಗೆ ಕನ್ನಡದಲ್ಲಿ ಹೇಳುವಾಗ ದನಿ ಕುಗ್ಗಿಹೋಗಿತ್ತು. ಮೂವರೂ ಒಬ್ಬರ ಮುಖ ಒಬ್ಬರು ನೋಡಿದೆವು. ನನಗೆ ಮೊದಲು ಬಂದದ್ದು ನಗು, ಸುಳ್ಳು ಹೇಳುವುದಿಲ್ಲ. ಆದರೆ ಪೆಟ್ಟಿಗೆಯ ಪಕ್ಕದಲ್ಲಿ ಬಿಳಿ ಅಂಗಿ ತೊಟ್ಟು ನಿಂತ ಭಾವನನ್ನು ನೋಡಿ ಅದು ನಿಂತುಹೋಯಿತು. ಅಷ್ಟು ದೂರದಿಂದ ಬಂದು, ಫ್ಯಾಕ್ಟರಿ ತೆರೆದಿದ್ದ ದಿನ ನಾವು ಚರ್ಚಿನ ಸಾರ್ವೆ ನೋಡುತ್ತಾ ನಿಂತಿದ್ದೆವು.

ಇನ್ನುಳಿದದ್ದು ಸೋಮವಾರ ಒಂದೇ. ದುರಸ್ತಿ ವಿಭಾಗ ಹತ್ತರಿಂದ ಎರಡರ ತನಕ ತೆರೆದಿರುತ್ತದೆಂದು ಕಾವಲುಗಾರ ಹೇಳಿದ. ದೋಣಿಯೂ ಹತ್ತರಿಂದ ಎರಡರ ತನಕ! ಕೊನೆಗೆ ಭಾವ ಸೀರೆಯ ತುಂಡಿನಲ್ಲಿ ಸುತ್ತಿದ ಕ್ಯಾಮನ್ನು ನನ್ನ ಕೈಗಿಟ್ಟರು.

"ನಾಳೆ ನೀನೊಬ್ಬನೇ ತಗೊಂಡು ಬಾ ಮಾರಾಯ. ಆದ್ರೆ ಆಯ್ತು, ಇಲ್ಲದಿದ್ರೆ ಇಲ್ಲ. ನಾನು ನಿನ್ನ ಅಕ್ಕನ ಜೊತೆ ದೋಣಿಗೆ ಹೋಗ್ತೇನೆ. ಅವಳು ಕೇಳಿದ್ದು ಅದೊಂದೇ."

ಅಕ್ಕ ಆ ಗಂಟನ್ನು ನನ್ನ ಕೈಯಿಂದ ಕಿತ್ತುಕೊಂಡಳು. "ಇವನಿಗೆ ಎಂತ ಗೊತ್ತುಂಟು? ಸ್ಕ್ರೂ ಯಾವುದು ಮೊಳೆ ಯಾವುದು ಅಂತ ಗೊತ್ತಿಲ್ಲದವನು! ನಾಳೆ ನೀವೇ ಬನ್ನಿ. ನಾನೂ ಬರ್ತೇನೆ."

"ದೋಣಿ?"

"ದೋಣಿಯಂತೆ ದೋಣಿ! ನಾನು ನೋಡದ ದೋಣಿಯಾ?" ಎಂದವಳೇ ನನ್ನ ಜೇಬಿನಿಂದ ಮೂರೂ ಟಿಕೆಟುಗಳನ್ನು ತೆಗೆದು ಕಾವಲುಗಾರನ ಕೈಗೆ ಕೊಟ್ಟುಬಿಟ್ಟಳು. ಫೋನಿನಲ್ಲಿ ಹೆಂಡತಿಯ ದನಿಯ ಹಿಂದೆ ಒಂದು ಪುಟ್ಟ ಮಗು ರಂಪ ಮಾಡುತ್ತಿದ್ದುದು ಅವಳಿಗೆ ಕೇಳಿಸಿತ್ತಂತೆ. "ಹೇಳಿ ಅವನಿಗೆ, ಹೆಂಡತಿ ಮಗುವನ್ನು ಕರ್ಕೊಂಡು ಹೋಗ್ಲಿ ಅಂತ." ಕಾವಲುಗಾರ ಬೇಡ ಬೇಡವೆಂದು ಎದೆಯ ಮೇಲೆ ಕೈಯಿಟ್ಟುಕೊಂಡ. ಅಕ್ಕನ ಮುಂದೆ ಯಾರ 'ಬೇಡ' ನಡೆದಿದೆ?

ಟ್ರಾಮಿನಲ್ಲಿ ವಾಪಸು ಬರುವಾಗ ಸೇತುವೆ ದಾಟುವಷ್ಟು ಹೊತ್ತೂ ಅವಳು ಕಿಟಕಿಗೆ ಹಣೆ ಒತ್ತಿಕೊಂಡು ನೀರು ನೋಡುತ್ತಿದ್ದಳು. ನನಗೆ ಭಾವನ ಮೇಲೆ ಸಿಟ್ಟೇ ಬಂತು. ಒಂದು ಹಳೆಯ ಕಬ್ಬಿಣಕ್ಕಾಗಿ ಹೆಂಡತಿಯ ಒಂದೇ ಒಂದು ಆಸೆಯನ್ನೂ ನುಂಗುವ ಮನುಷ್ಯ!

ಸೋಮವಾರ ಹತ್ತಕ್ಕೆ ಸರಿಯಾಗಿ ದುರಸ್ತಿ ವಿಭಾಗದಲ್ಲಿ ಕುಳಿತಿದ್ದೆವು. ತವರಿನವರು ಬಂದು ಅಪ್ಪಿಕೊಳ್ಳಲಿಲ್ಲ. "ಬೆಲ್ಲ ನೀರು ಕೊಡುವ ಕ್ರಮ ಇಲ್ಲವಾ ಇವರಲ್ಲಿ?" ಎಂದು ಭಾವ ಪಿಸುಗುಟ್ಟಿದರು. ಸ್ವಲ್ಪ ಹೊತ್ತಿಗೆ ನೀಲಿ ಕೋಟಿನ ಮುದುಕನೊಬ್ಬ ಬಂದ. ನಿವೃತ್ತಿಗೆ ಹತ್ತಿರವಿದ್ದಂತೆ ಕಾಣುತ್ತಿತ್ತು, ಇಂಗ್ಲಿಷ್ ಅಷ್ಟಿಷ್ಟು ಬರುತ್ತಿತ್ತು. ಸೀರೆಯ ತುಂಡನ್ನು ಬಿಚ್ಚಿ ಕ್ಯಾಮನ್ನು ಬೆಳಕಿಗೆ ಹಿಡಿದ. ಅವನ ಹೆಬ್ಬೆರಳು ಒಡೆದ ಅಂಚಿನ ಮೇಲೆ ಹೋದ ರೀತಿ ಥೇಟ್ ಭಾವನದೇ. ತಾನು ಇಲ್ಲಿ ಕೆಲಸ ಕಲಿಯುವಾಗ ಇಂಥವನ್ನು ಮಾಡಿದ್ದೆನೆಂದ. ಆದರೆ ಈಗ ಬೇರೆ ಆರ್ಡರುಗಳು ಸಾಲಿನಲ್ಲಿವೆ, ಇದು ಮೂರು ವಾರವಾದ ಮೇಲೆ ಅಂಚೆಯಲ್ಲಿ ಬರುತ್ತದೆಂದ.

ನಾನು ತಿಂಗಳ ಕೊನೆಗೆ ಒಂಬತ್ತೇ ದಿನ ಉಳಿದಿದೆಯೆಂದು ಹೇಳಿದೆ, ಗುಜರಿಯ ಮಾತನ್ನೂ ಹೇಳಿದೆ. ಮುದುಕನಿಗೆ ಬೇಸರವಾದಂತೆ ಕಂಡಿತು. "ಇಷ್ಟು ಹಳೆಯ ಯಂತ್ರ" ಎಂದ. "ಹೊಸದು ಇದಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತದೆ. ಈ ಮನುಷ್ಯ ಯಾಕೆ ಇಷ್ಟು ದೂರ ಬಂದ?"

ನಾನು ಭಾವನ ಕಡೆ ತಿರುಗಿ ಪ್ರಶ್ನೆ ಹೇಳಿದೆ. ಮದುವೆಯ ಪಂಕ್ತಿಯಲ್ಲಿ, ವಿಮಾನ ನಿಲ್ದಾಣದಲ್ಲಿ, ಚರ್ಚಿನ ಮುಂದೆ, ಎಲ್ಲೆಂದರಲ್ಲಿ ಅವಳ ಪುರಾಣ ಬಿಚ್ಚುತ್ತಿದ್ದ ಭಾವ ತಲೆ ತಗ್ಗಿಸಿ ಕುಳಿತುಬಿಟ್ಟರು. ಉತ್ತರ ಕೊಟ್ಟದ್ದು ಅಕ್ಕ.

"ಹೇಳು ಇವರಿಗೆ. ಮದುವೆಯಾಗಿ ಏಳು ವರ್ಷ ನಾನು ಊರಲ್ಲಿದ್ದೆ, ಇವರು ಸೌದಿಯಲ್ಲಿ. ನೀನು ಆಗ ಸಣ್ಣವ, ನಿನಗೂ ಗೊತ್ತಿಲ್ಲ. ಇಕಾಮಾದಲ್ಲಿ ಇವರ ಕೆಲಸ ಕೂಲಿ ಅಂತ ಬರೆದಿತ್ತು. ಕೂಲಿಯವರಿಗೆ ಹೆಂಡತಿಯನ್ನು ಕರೆಸ್ಲಿಕ್ಕೆ ವೀಸಾ ಕೊಡುದಿಲ್ಲ. ಎರಡು ವರ್ಷಕ್ಕೊಮ್ಮೆ ಬಂದು ಎರಡು ತಿಂಗಳು ಇದ್ದು ಹೋಗ್ತಿದ್ರು, ಅಷ್ಟೇ ನಮ್ಮ ಸಂಸಾರ. ಒಂದು ರಂಜಾನಿನ ಮೊದಲು ಈ ಯಂತ್ರ ನಿಂತು ಹೋಯ್ತು. ಇಲ್ಲಿಂದ ಇಂಜಿನಿಯರ್ ಬರ್ಲಿಕ್ಕೆ ಆಗ್ಲಿಲ್ಲ. ಪೆಟ್ಟಿಗೆ ಹೊರುವ ಕೆಲಸದವರು ಇವರು, ಮೂರು ದಿನ ಅದರ ಬುಡದಲ್ಲೇ ಕೂತು ಸರಿ ಮಾಡಿದ್ರು. ಕಫೀಲನಿಗೆ, ಅಂದ್ರೆ ಫ್ಯಾಕ್ಟರಿ ಧಣಿಗೆ, ಖುಷಿಯಾಯ್ತು, ಎಂತ ಬೇಕು ಕೇಳು ಅಂದ. ಇವರು ಸಂಬಳ ಕೇಳ್ಲಿಲ್ಲ. ಇಕಾಮಾದಲ್ಲಿ ಟೆಕ್ನಿಷಿಯನ್ ಅಂತ ಬರೆಸಿ ಕೊಡಿ ಅಂದ್ರು. ನಾಲ್ಕು ತಿಂಗಳಲ್ಲಿ ನನಗೆ ವೀಸಾ ಬಂತು."

ಅವಳು ಮೂಗು ಒರೆಸಿಕೊಂಡಳು. "ಹೇಳು ಮಾರಾಯ, ಎಂತ ಸುಮ್ನೆ ನಿಂತಿದ್ದಿ?"

ನಾನು ಬಾಯಿ ತೆರೆದೆ. ಊರಿನ ಜಗಲಿಯಲ್ಲಿ ಅಕ್ಕ ಪೋಸ್ಟ್‌ಮ್ಯಾನ್ ಬರುವ ಹೊತ್ತಿಗೆ ದಿನವೂ ಏನಾದರೊಂದು ನೆಪ ಮಾಡಿಕೊಂಡು ಹೊರಗೆ ಬಂದು ನಿಲ್ಲುತ್ತಿದ್ದುದು ಕಣ್ಣಿಗೆ ಕಟ್ಟಿತು. ನಾನು ಅವಳನ್ನು ಅದಕ್ಕಾಗಿ ಗೇಲಿ ಮಾಡುತ್ತಿದ್ದೆ. ಹದಿನಾಲ್ಕು ವರ್ಷ ಅನ್ನ ಹಾಕಿದ ನನ್ನ ಇಂಗ್ಲಿಷು ಅಂದು ಒಂದು ಶಬ್ದಕ್ಕೂ ಒದಗಲಿಲ್ಲ.

ಮುದುಕ ಮೂವರನ್ನೂ ನೋಡುತ್ತಾ ಕಾಯುತ್ತಿದ್ದ. ಕೊನೆಗೆ ಭಾವ ಎದ್ದು ನಿಂತರು. ಇಂಗ್ಲಿಷ್ ಬಾರದ ನನ್ನ ಭಾವ ಕ್ಯಾಮಿನ ಮೇಲೆ ಬೆರಳಿಟ್ಟು "ಮೆಷಿನ್" ಎಂದರು. ತಮ್ಮ ಎದೆ ಮುಟ್ಟಿಕೊಂಡು "ವೀಸಾ" ಎಂದರು. ಆಮೇಲೆ, ಮದುವೆಯ ಫೋಟೊದಲ್ಲೂ ಅಕ್ಕನಿಂದ ಒಂದು ಮೊಳ ದೂರ ನಿಂತ ಆ ಮನುಷ್ಯ, ಅಷ್ಟು ಜನರ ಎದುರು ಅವಳ ಭುಜದ ಮೇಲೆ ಕೈಯಿಟ್ಟು "ವೈಫ್" ಎಂದರು.

ಮುದುಕ ಕನ್ನಡಕ ತೆಗೆದು ಒರೆಸಿದ. ನಮ್ಮ ವಿಮಾನ ಎಷ್ಟು ಗಂಟೆಗೆಂದು ಕೇಳಿದ. ಸಂಜೆ ಏಳಕ್ಕೆ ಎಂದೆ. ಅವನು ಗೋಡೆಯ ಗಡಿಯಾರ ನೋಡಿ, ಕೋಟಿನ ತೋಳು ಮಡಚಿಕೊಂಡು, ಕ್ಯಾಮನ್ನು ಎತ್ತಿಕೊಂಡ.

"ಕೂತಿರಿ" ಎಂದ. "ಈಗಲೇ ಮಾಡಿಕೊಡುತ್ತೇನೆ."